ತರಬೇತುದಾರರ ಮೌಲ್ಯಮಾಪನ: ಆರಂಭಿಕ ದಾಸ್ತಾನು, ಅಂತಿಮ ದಾಸ್ತಾನು

ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿರುವ ಮೈಸೂರಿನ ವರ್ತಕ ಬಂಧುಗಳು, ಬ್ಯಾಸ್ಕೆಟ್‌ಬಾಲ್ ತರಬೇತುದಾರರನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆಯನ್ನು ವರ್ಷಾಂತ್ಯದಲ್ಲಿ ಎದುರಿಸುವುದುಂಟು. ಗೆದ್ದ ಕಪ್‌ಗಳನ್ನಷ್ಟೇ ಎಣಿಸಿ ತೀರ್ಮಾನಿಸುವುದು, ಖರೀದಿಯ ವೆಚ್ಚ ಕಳೆಯದೆ ಮಾರಾಟದ ಮೊತ್ತವನ್ನೇ ಲಾಭವೆಂದಂತೆ. ಕ್ರೀಡಾ ಕೋಟಾದಲ್ಲಿ ನುರಿತವರನ್ನೇ ಸೇರಿಸಿಕೊಂಡು ಪಡೆದ ಗೆಲುವು ಸಿದ್ಧವಸ್ತುವಿನ ಮರುಮಾರಾಟಕ್ಕೆ ಸಮ. ತರಬೇತುದಾರರ ನಿಜವಾದ ಗಳಿಕೆ, ಅವರು ಸೇರಿಸಿದ ಮೌಲ್ಯ ಮಾತ್ರ.

ಕ್ರಿಕೆಟ್‌ನಲ್ಲಿ ನಮ್ಮ ರಾಜ್ಯದ ರಾಹುಲ್ ದ್ರಾವಿಡ್ ಅವರ ನಿದರ್ಶನವನ್ನು ಗಮನಿಸಬಹುದು. ಅವರ ತರಬೇತಿಯಲ್ಲಿದ್ದ 19 ವರ್ಷದೊಳಗಿನವರ ಭಾರತ ತಂಡವು 2016ರ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ವೆಸ್ಟ್ ಇಂಡೀಸ್‌ಗೆ ಸೋತಿತು. ಆದರೆ ಅದೇ ತಂಡದ ರಿಷಭ್ ಪಂತ್, ವಾಷಿಂಗ್ಟನ್ ಸುಂದರ್ ಮುಂದೆ ಭಾರತದ ಟೆಸ್ಟ್ ಆಟಗಾರರಾದರು. ಒಮ್ಮೆ ಈ ವಿಶ್ವಕಪ್ ಆಡಿದವರಿಗೆ ಮತ್ತೆ ಅವಕಾಶವಿಲ್ಲವೆಂಬ ನಿಯಮ ಪಾಲಿಸಿ, ಹೊಸಬರ ತಂಡದೊಡನೆ 2018ರಲ್ಲಿ ಅವರು ಕಪ್ ಗೆದ್ದರು. 2016ರ ಸೋಲನ್ನೇ ಅಂತಿಮ ಲೆಕ್ಕವೆಂದು ಭಾವಿಸಿದ್ದರೆ ಈ ಫಲ ದೊರೆಯುತ್ತಿರಲಿಲ್ಲ.

ಆದುದರಿಂದ ಪ್ರತಿ ಆಟಗಾರ ಸೇರಿದ ದಿನವೇ 100 ಫ್ರೀ ಥ್ರೋಗಳಲ್ಲಿ ಎಷ್ಟು ಬುಟ್ಟಿಗೆ ಬಿದ್ದವು, ಎಡಗೈಯಲ್ಲಿ ಚೆಂಡಿನ ಹಿಡಿತ ಹೇಗಿದೆ ಎಂಬುದನ್ನು ದಾಖಲಿಸಿರಿ. ಎರಡು ವರ್ಷಗಳ ನಂತರ ಹೋಲಿಸಿರಿ. ಮೊದಲ ಐವರ ಜೊತೆಗೆ ಮೀಸಲು ಆಟಗಾರರನ್ನೂ ಅಳೆಯಿರಿ. ತಂಡ ತೊರೆದವರನ್ನು ನಷ್ಟದ ಬಾಬಿನಲ್ಲಿ ತೋರಿಸಿರಿ. ವಯಸ್ಸಿನಿಂದ ಸಹಜವಾಗಿ ಬರುವ ಎತ್ತರ, ಬಲಗಳನ್ನು ತರಬೇತಿಯ ಖಾತೆಗೆ ಜಮಾ ಮಾಡಬಾರದು.

ಮೀಸಲು ಆಟಗಾರರೂ ಸುಧಾರಿಸಿದ್ದರೆ, ಕಪ್ ಬಾರದಿದ್ದರೂ ಆ ತರಬೇತುದಾರರನ್ನು ಉಳಿಸಿಕೊಳ್ಳುವುದು ಲಾಭಕರ. ನುರಿತು ಬಂದವರು ಇದ್ದಲ್ಲಿಯೇ ಇದ್ದರೆ, ಕಪಾಟಿನ ತುಂಬ ಕಪ್‌ಗಳಿದ್ದರೂ ಮರುಚಿಂತನೆ ಅವಶ್ಯ.