ಉಸಿರಾಡುವ ಚಿಪ್

ಒಂದು ದಿನದಲ್ಲಿ ನಾವು ಸುಮಾರು 20,000 ಸಲ ಉಸಿರಾಡುತ್ತೇವೆ. ಪ್ರತಿಸಲವೂ ಶ್ವಾಸಕೋಶದೊಳಗಿನ ಅತಿ ಸಣ್ಣ ವಾಯುಕೋಶಗಳು ಹಿಗ್ಗಿ ಕುಗ್ಗುತ್ತವೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗಾದರೋ ಈ ಚಲನೆಯೇ ಇಲ್ಲ. ಇಲಿಯು ಉಸಿರಾಡುತ್ತದೆ, ನಿಜ; ಆದರೆ ಅದರ ದೇಹವು ಮನುಷ್ಯನ ದೇಹವಲ್ಲ. ಇಲಿಗೆ ಒಗ್ಗಿದ ಔಷಧವು ಮನುಷ್ಯನಿಗೆ ಕೇಡುಮಾಡಿದ ಉದಾಹರಣೆಗಳುಂಟು.

2010ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ವೀಸ್ ಸಂಸ್ಥೆಯ ಡೊನಾಲ್ಡ್ ಇಂಗ್ಬರ್, ಡ್ಯಾನ್ ಹು ಮತ್ತು ಅವರ ಸಂಗಡಿಗರು ಈ ತೊಡಕಿಗೆ ಒಂದು ಉಪಾಯವನ್ನು ಪ್ರಕಟಿಸಿದರು. ನಾವು ಪೆನ್ಸಿಲಿನ ಗುರುತನ್ನು ಅಳಿಸುವ ರಬ್ಬರಿನಷ್ಟೇ ಗಾತ್ರದ, ಪಾರದರ್ಶಕವಾದ ಸಿಲಿಕೋನಿನ ತುಂಡು ಅದು. ಗಣಕಯಂತ್ರದ ಚಿಪ್ ತಯಾರಿಕೆಯಿಂದ ಬಂದ ವಿಧಾನದಲ್ಲಿ ಇದರ ಅಚ್ಚನ್ನು ಮಾಡುವುದರಿಂದ ಆ ಹೆಸರು ಇದಕ್ಕೂ ಅಂಟಿತು. ಒಳಗೆ ಒಂದರ ಮೇಲೊಂದು ಎರಡು ಕಾಲುವೆಗಳು. ನಡುವೆ 10 ಮೈಕ್ರೋಮೀಟರ್ ದಪ್ಪದ, ರಂಧ್ರಗಳುಳ್ಳ ಪೊರೆ. ಪೊರೆಯ ಮೇಲ್ಭಾಗದಲ್ಲಿ ಮನುಷ್ಯನ ವಾಯುಕೋಶದ ಜೀವಕೋಶಗಳು. ಅವಕ್ಕೆ ಗಾಳಿ ತಾಗುತ್ತದೆ. ಕೆಳಭಾಗದಲ್ಲಿ ರಕ್ತನಾಳದ ಜೀವಕೋಶಗಳು. ಅಲ್ಲಿ ರಕ್ತದ ಬದಲಾಗಿ ಪೋಷಕ ದ್ರವವು ಹರಿಯುತ್ತದೆ. ಇಕ್ಕೆಲದ ಟೊಳ್ಳುಗಳಿಂದ ಗಾಳಿಯನ್ನು ಹೀರಿದರೆ ಪೊರೆಯು ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಇದೇ ಅದರ ಉಸಿರು.

ಮೇಲಿನ ಕಾಲುವೆಗೆ ಬ್ಯಾಕ್ಟೀರಿಯಾಗಳನ್ನು ಬಿಟ್ಟು ಕೆಳಗೆ ಬಿಳಿಯ ರಕ್ತಕಣಗಳನ್ನು ಹರಿಸಿದಾಗ, ಆ ಕಣಗಳು ರಂಧ್ರಗಳಲ್ಲಿ ನುಸುಳಿ ಬಂದು ಅವನ್ನು ನುಂಗಿದುವು. ಸೂಕ್ಷ್ಮದರ್ಶಕದಲ್ಲಿ ಇದೆಲ್ಲವೂ ಕಣ್ಣಿಗೆ ಕಂಡಿತು.

ಆದರೆ ನಮಗೆ ಇದಕ್ಕಿಂತಲೂ ಮಹತ್ವದ್ದೆನಿಸುವುದು 2012ರಲ್ಲಿ ಪ್ರಕಟವಾದ ಪ್ರಯೋಗ. ಇಂಟರ್‌ಲ್ಯೂಕಿನ್-2 ಎಂಬ ಕ್ಯಾನ್ಸರ್ ಔಷಧದಿಂದ ಕೆಲವು ರೋಗಿಗಳ ಶ್ವಾಸಕೋಶದಲ್ಲಿ ನೀರು ತುಂಬುವುದುಂಟು. ಅದನ್ನು ಚಿಪ್‌ನ ಕೆಳಗಿನ ಕಾಲುವೆಯಲ್ಲಿ ಹರಿಸಿದಾಗ ದ್ರವವು ಗಾಳಿಯ ಕಾಲುವೆಗೆ ಸೋರಿತು. ಉಸಿರಾಟದ ಚಲನೆಯಿದ್ದಾಗ ಸೋರಿಕೆಯು ಬಹಳ ಹೆಚ್ಚಿತು. ಅಲುಗಾಡದ ತಟ್ಟೆಯಲ್ಲಿ ಪರೀಕ್ಷಿಸಿದ್ದರೆ ಈ ಅಪಾಯದ ಬಹುಭಾಗವು ಮರೆಯಾಗಿಯೇ ಉಳಿಯುತ್ತಿತ್ತಲ್ಲವೆ?

ಹೊಸ ಔಷಧವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂಬ ಕಡ್ಡಾಯವನ್ನು ಅಮೆರಿಕೆಯು 2022ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ನಮ್ಮ ದೇಶವೂ 2023ರಲ್ಲಿ ನಿಯಮಗಳನ್ನು ತಿದ್ದಿ ಇಂತಹ ವಿಧಾನಗಳಿಗೆ ಎಡೆಗೊಟ್ಟಿತು. ಇಷ್ಟರಿಂದಲೇ ಇಲಿಗಳಿಗೆ ಬಿಡುಗಡೆಯಾಯಿತೆಂದು ನಾವು ಹಿಗ್ಗುವಂತಿಲ್ಲ. ಒಂದು ಚಿಪ್‌ನಲ್ಲಿ ಇರುವುದು ಒಂದು ಅಂಗದ ಒಂದು ಅಂಶ ಮಾತ್ರ. ಯಕೃತ್ತಿನಲ್ಲಿ ಔಷಧವು ಮಾರ್ಪಟ್ಟು ಬರುವ ಸಂಗತಿ ಶ್ವಾಸಕೋಶದ ಚಿಪ್‌ಗೆ ತಿಳಿಯದು. ಸಾಲದೆಂಬಂತೆ, ಆ ಸಿಲಿಕೋನೇ ಕೆಲವು ಔಷಧಗಳನ್ನು ಹೀರಿಕೊಳ್ಳುವುದರಿಂದ, ಜೀವಕೋಶಗಳಿಗೆ ನಿಜವಾಗಿ ತಲುಪಿದ ಪ್ರಮಾಣವೆಷ್ಟೆಂಬುದನ್ನು ಬೇರೆಯಾಗಿ ಅಳೆಯಬೇಕಾಗುತ್ತದೆ.