ಗಾಜಿನ ತೊಟ್ಟಿಯಲ್ಲಿ ತೇಲುಗಿಡಗಳ ಸಾಕಣೆ

ನೆಲದಲ್ಲಿ ಬೇರೂರದೆ ನೀರಿನ ಮೇಲೆಯೇ ಬಾಳುವ ಗಿಡಗಳು ಕೆಲವುಂಟು. ಅಂತರಗಂಗೆ ಅಂಥದು, ತೆಲುಗಿನಲ್ಲಿ ಇದಕ್ಕೆ ಅಂತರತಾಮರ ಎನ್ನುವರು. ದನಕ್ಕೂ ಕೋಳಿಗೂ ಮೇವಾಗುವ ಅಜೋಲಾ ಇನ್ನೊಂದು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಮೀನಿನ ಗಾಜಿನ ತೊಟ್ಟಿ ಇಟ್ಟವರು ಇವನ್ನು ಸುಲಭವಾಗಿ ಬೆಳೆಸಬಹುದು.

ಪ್ರಯೋಜನವೇನು? ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ, ಗಿಡಕ್ಕೆ ಗೊಬ್ಬರ. ತೇಲುಗಿಡವು ಬೇರಿನಿಂದ ಅದನ್ನು ಹೀರುತ್ತದೆ. ಎಲೆಗಳು ಗಾಳಿಯಲ್ಲಿರುವುದರಿಂದ ಇಂಗಾಲಾಮ್ಲ ವಾಯುವಿಗೆ ಕೊರತೆಯಿಲ್ಲ. ಆದುದರಿಂದ ಮುಳುಗಿರುವ ಗಿಡಗಳಿಗಿಂತ ಇವು ಬೇಗ ಬೆಳೆಯುತ್ತವೆ. ಜೋಲುವ ಬೇರುಗಳು ಮರಿಮೀನುಗಳಿಗೆ ಮರೆಯಾಗುತ್ತವೆ.

ಬೆಳೆಸುವ ಕ್ರಮ

1. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 56 ಲೀಟರು ನೀರು ಹಿಡಿಯುತ್ತದೆ. ಅಷ್ಟು ಭಾರ ತಾಳುವ ಗಟ್ಟಿಯಾದ ಕಟ್ಟೆಯ ಮೇಲೆ ಅದನ್ನಿಡಬೇಕು.

2. ಬೆಳಕು ಬೇಕು, ಆದರೆ ನಮ್ಮ ಸೀಮೆಯ ಬೇಸಿಗೆಯ ನಡುಹಗಲಿನ ಬಿಸಿಲು ತಾಗಬಾರದು. ಮುಂಜಾನೆಯ ಬಿಸಿಲು ಬೀಳುವ ಕಿಟಕಿಯ ಬಳಿ ಮೇಲು.

3. ನಳದ ನೀರಿಗೆ ಕ್ಲೋರಿನ್ ಹಾಕಿದ್ದರೆ ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಬಳಸಿರಿ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರು ಬದಲಿಸಿದರೆ ಸಾಕು.

4. ಹೊಸ ಗಿಡವನ್ನು ತೊಳೆದು ಒಂದು ವಾರ ಬೇರೆ ಬಕೀಟಿನಲ್ಲಿಡಿರಿ. ಬಸವನಹುಳು, ಅದರ ತತ್ತಿ ಕಂಡರೆ ಆರಿಸಿ ತೆಗೆಯಿರಿ.

5. ಅಂತರಗಂಗೆಯ ಎಲೆಯ ಮೇಲೆ ಸದಾ ನೀರು ತೊಟ್ಟಿಕ್ಕಿದರೆ ಕೊಳೆಯುತ್ತದೆ. ಮುಚ್ಚಳದ ಕೆಳಗೆ ನಾಲ್ಕು ಬೆರಳು ಗಾಳಿಯಾಡಲಿ.

ಎಲೆ ಹಳದಿಯಾದರೆ ಗೊಬ್ಬರ ಕಡಿಮೆಯೆಂದು ತಿಳಿಯಬಹುದು; ಹೊಸ ತೊಟ್ಟಿಯಲ್ಲಿ, ಮೀನು ಕಡಿಮೆಯಿದ್ದಲ್ಲಿ ಹೀಗಾಗುವುದುಂಟು. ಹಾಗೆಂದು ಯೂರಿಯಾ ಹಾಕಬೇಡಿರಿ. ಅದು ಅಮೋನಿಯಾ ಆಗಿ ಮೀನು ಸಾಯುತ್ತವೆ. ಅಜೋಲಾದ ಎಲೆಯೊಳಗೆ ಗಾಳಿಯ ಸಾರಜನಕವನ್ನು ಹಿಡಿದು ಕೊಡುವ ಪಾಚಿ ವಾಸಿಸುತ್ತದೆ. ಅದಕ್ಕೆ ಸಾರಜನಕದ ಕೊರತೆ ಬಾಧಿಸದು.

ಅತಿ ಬೆಳೆದರೆ?

ಮಕ್ಕಳಿಗೆ ಈ ಲೆಕ್ಕ ಕೇಳಿ ನೋಡಿರಿ: ವಾರಕ್ಕೆ ಎರಡರಷ್ಟಾಗುವ ಗಿಡ ಎಂಟನೆಯ ವಾರಕ್ಕೆ ತೊಟ್ಟಿಯನ್ನು ಪೂರ್ತಿ ಮುಚ್ಚಿತು. ಅರ್ಧ ಮುಚ್ಚಿದ್ದು ಯಾವಾಗ? ಏಳನೆಯ ವಾರ! ಅರ್ಧ ಖಾಲಿಯಿದೆಯೆಂದು ಸುಮ್ಮನಿದ್ದವನಿಗೆ ಉಳಿದದ್ದು ಒಂದೇ ವಾರ. ನೀರಿನ ಮೈ ಪೂರ್ತಿ ಮುಚ್ಚಿದರೆ ಗಾಳಿಯ ಆಮ್ಲಜನಕ ನೀರಿಗಿಳಿಯುವುದು ಕಡಿಮೆಯಾಗಿ ಮೀನು ಬಾಯ್ದೆರೆದು ಮೇಲೇಳುತ್ತವೆ. ಅರ್ಧಕ್ಕಿಂತ ಹೆಚ್ಚಾದ ಕೂಡಲೆ ತೆಗೆಯುತ್ತಿರಬೇಕು.

ತೆಗೆದ ಗಿಡವನ್ನು ಕಾಲುವೆಗೆ, ಕೆರೆಗೆ, ಬಾವಿಗೆ ಎಂದಿಗೂ ಎಸೆಯಬಾರದು. ದಕ್ಷಿಣ ಅಮೆರಿಕದ ಒಂದು ಗಿಡವನ್ನು ಅದರ ನೇರಳೆ ಹೂವಿನ ಚೆಲುವಿಗಾಗಿ ನಾಡುನಾಡಿಗೆ ಒಯ್ದರು. ಅದೇ ಇಂದು ಕೆರೆಗಳನ್ನು ಮುಚ್ಚುವ ಗುರ್ರಪು ಡೆಕ್ಕ. 1980ರ ದಶಕದಲ್ಲಿ ಬೆಂಗಳೂರಿನ ಕಡೆಯ ಕೆರೆಗಳಲ್ಲಿ ಅದನ್ನು ತಿನ್ನಲು ಹೊರದೇಶದ ಸೊಂಡಿಲುಹುಳುಗಳನ್ನು ತರಿಸಿ ಬಿಡಬೇಕಾಯಿತು. ಇದನ್ನು ತೊಟ್ಟಿಗೂ ತರಬೇಡಿರಿ.

ನಮಗೆ ಇದು ದೂರದ ಮಾತಲ್ಲ. ರಾಯಚೂರು ಜಿಲ್ಲೆಯ ರಾಜೋಳಿಬಂಡೆಯಲ್ಲಿ ತುಂಗಭದ್ರೆಯಿಂದ ಹೊರಡುವ ಕಾಲುವೆಯ ನೀರು ಗಡಿ ದಾಟಿ ನಮ್ಮ ಕಡೆಗೆ ಬರಬೇಕು. ತುದಿಯ ಹೊಲಕ್ಕೆ ನೀರು ಮುಟ್ಟದೆಂಬ ಗೋಳು ಹಳೆಯದು. ಹೂಳಿನ ಜತೆಗೆ ಕಳೆಯೂ ಸೇರಿದರೆ ಬರುವ ನೀರೂ ನಿಧಾನವಾಗುವುದು. ಇನ್ನೊಂದು ಕೇಡೂ ಉಂಟು: ಮ್ಯಾನ್ಸೋನಿಯಾ ಎಂಬ ಸೊಳ್ಳೆಯ ಮರಿಯು ಅಂತರಗಂಗೆಯಂಥ ಗಿಡದ ಬೇರಿಗೆ ಅಂಟಿಕೊಂಡು ಅದರೊಳಗಿನ ಗಾಳಿಯನ್ನೇ ಉಸಿರಾಡುತ್ತದೆ. ಆನೆಕಾಲು ರೋಗದ ಒಂದು ಬಗೆಯನ್ನು ಹರಡುವ ಸೊಳ್ಳೆ ಅದು.

ಹೆಚ್ಚಾದ ಗಿಡವನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ತಿಪ್ಪೆಗುಂಡಿಯಲ್ಲಿ ಹೂಳಿರಿ. ತೊಟ್ಟಿಯ ಹಳೆಯ ನೀರನ್ನೂ ಕಾಲುವೆಗೆ ಚೆಲ್ಲದೆ ಕರಿಬೇವಿನ ಬುಡಕ್ಕೆ ಹಾಕಿರಿ. ಮನೆಯ ಚೆಲುವು ಮನೆಯಲ್ಲಿರಲಿ. ಊರ ನೀರು ಊರಿಗೆ ಹರಿಯಲಿ.