ಬೇಸಿಗೆಯ ತಿಂಗಳಿಗೂ ದುಡ್ಡು ಕೇಳು

ನೋಡಮ್ಮ, ನೀನು ಕಳಿಸಿದ ಸಂಶೋಧನಾ ಅರ್ಜಿಯ ಕರಡನ್ನು ಪೂರ್ತಿ ಓದಿದೆ. ಪ್ರಶ್ನೆ ಚೆನ್ನಾಗಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರತೊಡಗಿದ್ದು 2018ರಲ್ಲಿ. ಆ ನೀರು ತುಂಬಿದ ಕೆರೆಯ ಸುತ್ತ ಅಂತರ್ಜಲ ಹೇಗಿದೆ, ಬರೀ ಮಳೆಯನ್ನೇ ನಂಬಿದ ಕೆರೆಯ ಸುತ್ತ ಹೇಗಿದೆ, ಮಳೆಯ ರೀತಿಯೇ ಬದಲಾಗುತ್ತಿರುವ ಈ ಕಾಲದಲ್ಲಿ ಎರಡರ ಗತಿ ಏನಾದೀತು ಎಂದು ಅಕ್ಕಪಕ್ಕ ಇಟ್ಟು ನೋಡುವ ನಿನ್ನ ಯೋಚನೆ ನನಗೆ ಹಿಡಿಸಿತು. ವಿಧಾನದ ಭಾಗಕ್ಕೆ ನಾನು ಕೈ ಹಾಕುವುದಿಲ್ಲ. ಅದು ನೀನೂ ನಿನ್ನ ಗೈಡೂ ಕೂತು ತೀರ್ಮಾನಿಸುವ ವಿಷಯ. ನಾನು ಹೇಳಬೇಕಾಗಿರುವುದೆಲ್ಲ ಕೊನೆಯ ಪುಟದ ಬಗ್ಗೆ, ಬಜೆಟ್ ಪುಟದ ಬಗ್ಗೆ.

ಅಲ್ಲಿ ಏನಿದೆ? ಡೇಟಾ ಲಾಗರ್‌ಗಳು, ಲ್ಯಾಪ್‌ಟಾಪ್, ಸಾಫ್ಟ್‌ವೇರ್, ನೀರಿನ ಮಾದರಿಗಳ ಪರೀಕ್ಷೆ, ಒಂದು ಸಮ್ಮೇಳನ. ಕಟ್ಟಕಡೆಗೆ ‘ಕ್ಷೇತ್ರ ಭೇಟಿ’ ಎಂಬ ಒಂದೇ ಸಾಲು, ಅದರ ಮುಂದೆ ಸಂಕೋಚದಿಂದ ಬರೆದ ಸಣ್ಣ ಮೊತ್ತ. ಇಡೀ ಪ್ರಬಂಧ ನಿಂತಿರುವುದು ಆ ಒಂದು ಸಾಲಿನ ಮೇಲೆ ಕಣಮ್ಮ. ಅದನ್ನೇ ಯಾಕೆ ಹೀಗೆ ಸೊರಗಿಸಿದೆ? ಕಡಿಮೆ ಕೇಳಿದರೆ ಬೇಗ ಮಂಜೂರಾಗುತ್ತದೆ ಎಂದು ಸೀನಿಯರ್‌ಗಳು ಹೇಳಿಕೊಟ್ಟಿರಬೇಕು. ಅರ್ಜಿ ಪರಿಶೀಲಿಸುವವರಲ್ಲಿ ಬಾವಿಗೆ ಟೇಪ್ ಇಳಿಸಿದವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಈ ಮೊತ್ತ ನೋಡಿದ ಕೂಡಲೇ ಈ ಹುಡುಗಿ ಇನ್ನೂ ಊರಿಗೆ ಹೋಗಿ ಬಂದಿಲ್ಲ ಎಂದು ತಿಳಿದುಬಿಡುತ್ತದೆ.

ಮೊದಲು ಕ್ಯಾಲೆಂಡರ್ ಸರಿ ಮಾಡು. ನೀನು ಅಂತರ್ಜಲ ಮರುಪೂರಣವನ್ನು ನೀರಿನ ಮಟ್ಟದ ಏರಿಳಿತದಿಂದ ಲೆಕ್ಕ ಹಾಕುತ್ತೇನೆ ಎಂದು ಬರೆದಿದ್ದೀಯ. ಸರಿ, ಮುಂಗಾರಿಗೆ ಮುಂಚಿನ ಮಟ್ಟ, ಮಳೆ ಮುಗಿದ ಮೇಲಿನ ಮಟ್ಟ, ಇವೆರಡರ ನಡುವಿನ ಅಂತರವೇ ಆ ಲೆಕ್ಕದ ಬೇರು. ಮುಂಚಿನ ಮಟ್ಟ ಸಿಗುವುದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ನಮ್ಮ ಸರ್ಕಾರಿ ಹಣಕಾಸಿನ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಖರ್ಚಾಗದೆ ಉಳಿದದ್ದು ವಾಪಸ್ ಹೋಗುತ್ತದೆ, ಇಲ್ಲವೇ ಯುಟಿಲೈಸೇಶನ್ ಸರ್ಟಿಫಿಕೇಟ್ ತಲುಪಿ ಹೊಸ ಕಂತು ಬಿಡುಗಡೆಯಾಗುವ ತನಕ ಕೈ ಕಟ್ಟಿ ಕೂರಬೇಕು. ಅಷ್ಟು ಹೊತ್ತಿಗೆ ಆರಿದ್ರಾ ಮಳೆ ಸುರಿದು ಹೋಗಿರುತ್ತದೆ. ವರ್ಷದಲ್ಲಿ ಅತ್ಯಂತ ಅಗತ್ಯವಾದ ಅಳತೆ ಬೇಕಾದ ತಿಂಗಳಲ್ಲೇ ವಿದ್ಯಾರ್ಥಿಯ ಜೇಬು ಖಾಲಿ. ಈ ಕೊರತೆಯನ್ನು ಮುಂದಿನ ವರ್ಷ ತುಂಬಿಕೊಳ್ಳುತ್ತೇನೆ ಎನ್ನುವ ಹಾಗಿಲ್ಲ, ಮುಂದಿನ ವರ್ಷದ ಮೇ ಬೇರೆಯದೇ ಮೇ.

ಬೇಸಿಗೆಯ ಆ ಅಳತೆ ಎಷ್ಟು ಸೂಕ್ಷ್ಮ ಅಂತ ನಿನಗೆ ಗೊತ್ತು, ಆದರೂ ಅರ್ಜಿಯಲ್ಲಿ ಬಿಡಿಸಿ ಬರೆ. ಕೋಲಾರದ್ದು ಗ್ರಾನೈಟು, ನೈಸು ಶಿಲೆ. ಶಿಥಿಲಗೊಂಡ ಪದರದಲ್ಲಿ ನಿರ್ದಿಷ್ಟ ಇಳುವರಿ ಶೇ. 1.5ರಿಂದ 3ರ ಆಸುಪಾಸು. ಅಂದರೆ ಬಾವಿಯಲ್ಲಿ ನೀರು ಒಂದು ಮೀಟರ್ ಏರಿದ್ದು ಕಂಡರೆ ನೆಲದೊಳಗೆ ನಿಜವಾಗಿ ಸೇರಿದ್ದು 15ರಿಂದ 30 ಮಿಲಿಮೀಟರ್ ನೀರು ಅಷ್ಟೇ. ಎರಡು ಮೀಟರ್ ಏರಿಕೆ ಕಂಡು ಊರವರು ಸಂತೋಷಪಟ್ಟರೂ ಅದು ಒಂದೆರಡು ಒಳ್ಳೆಯ ಮಳೆಯಷ್ಟು ನೀರು ಮಾತ್ರ. ಬೇಸಿಗೆಯ ಅಳತೆಯಲ್ಲಿ ಒಂದು ಮೀಟರ್ ತಪ್ಪಿದರೆ ನಿನ್ನ ತೀರ್ಮಾನವೇ ತಲೆಕೆಳಗಾದೀತು. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ದೇಶದ ಮಟ್ಟದ ಚಿತ್ರಕ್ಕೆ ಅದು ಸಾಕು. ಒಂದು ಕೆರೆಯ ಅಚ್ಚುಕಟ್ಟಿನ ಕಥೆ ಹೇಳಲು ಹದಿನೈದು ದಿನಕ್ಕೊಮ್ಮೆಯಾದರೂ ಬೇಕು. ಹಾಗಾಗಿ ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳಿಗೆ ಬೇರೆ ಮೂಲದ ಹಣ ಹುಡುಕು. ಇಲ್ಲವೇ ಮೊದಲ ಕಂತಿನಲ್ಲೇ ಆ ತಿಂಗಳುಗಳ ಖರ್ಚು ಸೇರಿಸಿ ಕೊಡಿ ಎಂದು ಕಾರಣ ಸಹಿತ ಕೇಳು. ಕಾರಣ ಬರೆದು ಕೇಳಿದವರಿಗೆ ಸಿಕ್ಕಿರುವುದನ್ನು ನಾನು ನೋಡಿದ್ದೇನೆ.

ಎರಡು ಮಳೆಗಾಲಕ್ಕೆ ಕೇಳು. ಒಂದೇ ಮುಂಗಾರು ನೋಡಿ ಹವಾಮಾನ ಬದಲಾವಣೆ ಎಂಬ ಪದ ಬಳಸುವ ಪ್ರಬಂಧವನ್ನು ಯಾರೂ ನಂಬಬಾರದು. ಎರಡು ಮುಂಗಾರು ನೋಡಿದರೂ ಅದು ಸಾಕಾಗದು. ಹಳೆಯ ದಾಖಲೆಯ ಜೊತೆ ಹೊಂದಿಸಲೇಬೇಕು. ಆದರೆ ಒಂದು ಒಳ್ಳೆಯ ವರ್ಷ, ಒಂದು ಕೈಕೊಟ್ಟ ವರ್ಷ ಎರಡೂ ಕಣ್ಣೆದುರು ಹಾದುಹೋದರೆ ಹಳೆಯ ದಾಖಲೆಯನ್ನು ಓದುವ ಕಣ್ಣೇ ಬೇರೆಯಾಗುತ್ತದೆ.

ಇನ್ನು ನಿನ್ನ ಬಜೆಟ್‌ನಲ್ಲಿ ಇಲ್ಲವೇ ಇಲ್ಲದ ಒಬ್ಬ ಮನುಷ್ಯನ ವಿಷಯ. ನೀನು ಬೆಂಗಳೂರಿನಲ್ಲಿ ಸೆಮಿನಾರ್ ಕೊಡುತ್ತಿರುವ ಬೆಳಿಗ್ಗೆ ಎಂಟೂವರೆಗೆ ಆ ಊರಿನ ಮಳೆಮಾಪಕ ಓದುವವರು ಯಾರು? ಹಿಂದಿನ ರಾತ್ರಿ ಸುರಿದ ಮಳೆಗೆ ಕೋಡಿ ಬಿತ್ತೋ ಇಲ್ಲವೋ ನೋಡಿ ಬರೆದಿಡುವವರು ಯಾರು? ಕೋಲಾರ ಸೀಮೆಯ ಕೆರೆಗಳಿಗೆ ತಲೆತಲಾಂತರದಿಂದ ನೀರುಗಂಟಿಗಳಿದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವುದು ಅವರ ಕೆಲಸ, ಸುಗ್ಗಿಯಲ್ಲಿ ದವಸ ಅವರ ಸಂಬಳ. ಕೆರೆ ಬತ್ತಿ ಬೋರ್‌ವೆಲ್ ಬಂದ ಮೇಲೆ ಆ ಕಸುಬು ಬಹುಮಟ್ಟಿಗೆ ಹೋಯಿತು. ಆದರೆ ಆ ಮನೆತನದವರು ಇನ್ನೂ ಅಲ್ಲಲ್ಲಿ ಇದ್ದಾರೆ. ಕೆರೆಗೆ ನೀರು ಯಾವ ಕಡೆಯಿಂದ ಹರಿದು ಬರುತ್ತಿತ್ತು, ಯಾವ ವರ್ಷದಿಂದ ಆ ಹಳ್ಳ ನಿಂತಿತು ಎಂಬುದು ನಿನ್ನ ಉಪಗ್ರಹ ಚಿತ್ರಕ್ಕಿಂತ ಮೊದಲು ಅವರಿಗೆ ಗೊತ್ತಿತ್ತು. ಅಂಥವರನ್ನು ಹುಡುಕು, ಇಲ್ಲದಿದ್ದರೆ ಪಂಚಾಯ್ತಿಯ ವಾಟರ್‌ಮ್ಯಾನ್, ಪಿಯುಸಿ ಮುಗಿಸಿ ಮನೆಯಲ್ಲಿರುವ ಹುಡುಗಿ, ಯಾರಾದರೂ ಸರಿ. ಅವರಿಗೆ ತಿಂಗಳ ಸಂಬಳ ಎಂದು ಬಜೆಟ್‌ನಲ್ಲಿ ಬರೆ. ‘ಕಾಣಿಕೆ’ ಬೇಡ, ‘ಇತರೆ’ ಬೇಡ. ಸ್ಥಳೀಯ ವೀಕ್ಷಕರ ವೇತನ ಎಂದು ಸ್ಪಷ್ಟವಾಗಿ, ಎರಡು ವರ್ಷಕ್ಕೆ, ಕೃಷಿ ಕೂಲಿಗಿಂತ ಕಡಿಮೆಯಾಗದಂತೆ. ಅವರ ಹೆಸರು ನಿನ್ನ ಪ್ರಬಂಧದ ಕೃತಜ್ಞತೆಯಲ್ಲಿ ಬಂದರೆ ಸಾಲದು, ಅವರ ಒಪ್ಪಿಗೆಯಿದ್ದರೆ ನೀನು ಮುಂದೆ ಪ್ರಕಟಿಸುವ ಲೇಖನದಲ್ಲಿ ಅಂಕಿಅಂಶ ಸಂಗ್ರಹಿಸಿದವರೆಂದೇ ಬರಬೇಕು.

ಉಪಕರಣ ಬೇಡ ಎಂದು ನಾನು ಹೇಳುತ್ತಿಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಅದರಿಂದಲೇ ಕಡಿಮೆ ಹೊತ್ತಿನಲ್ಲಿ ಧಾರಾಕಾರ ಸುರಿದು ಹೋಗುವ ಮಳೆಗಳು ಹೆಚ್ಚುವ ಭಯ. 80 ಮಿ.ಮೀ. ಮಳೆ ಇಡೀ ದಿನ ಜಿನುಗಿದರೆ ನೆಲ ಕುಡಿಯುತ್ತದೆ. ಒಂದೇ ಗಂಟೆಯಲ್ಲಿ ಸುರಿದರೆ ಮೇಲ್ಮಣ್ಣು ಹೊತ್ತುಕೊಂಡು ಹರಿದು ಹೋಗುತ್ತದೆ. ದಿನಕ್ಕೊಮ್ಮೆ ಓದುವ ಮಾಪಕಕ್ಕೆ ಇವೆರಡೂ ಒಂದೇ. ನಿಮಿಷ ನಿಮಿಷದ ಲೆಕ್ಕ ಕೊಡುವ ಟಿಪ್ಪಿಂಗ್ ಬಕೆಟ್ ಮಾಪಕ ನಿನಗೆ ಬೇಕೇ ಬೇಕು, ಧಾರಾಳವಾಗಿ ಕೇಳು. ಆದರೆ ಅದರೊಳಗೆ ಎಲೆ ಬೀಳುತ್ತದೆ, ಇರುವೆ ಗೂಡು ಕಟ್ಟುತ್ತದೆ, ಬ್ಯಾಟರಿ ಸಾಯುತ್ತದೆ. ಪಕ್ಕದಲ್ಲಿ ಕೈಯಿಂದ ಓದುವ ಒಂದು ಸಾದಾ ಮಾಪಕವೂ, ಅದನ್ನು ಓದುವ ಮನುಷ್ಯನೂ ಇಲ್ಲದಿದ್ದರೆ ಅದು ಯಾವ ವಾರದಿಂದ ಸುಳ್ಳು ಹೇಳುತ್ತಿತ್ತು ಎಂದು ನಿನಗೆ ತಿಳಿಯುವುದಿಲ್ಲ. ಹಾಗೆಯೇ ಬೋರ್‌ವೆಲ್‌ನ ಮಟ್ಟ ಅಳೆಯಲು ಮೋಟಾರು ನಿಂತು ಒಂದಷ್ಟು ಹೊತ್ತಾಗಿರಬೇಕು. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಕರೆಂಟು ಬಂದ ಕೂಡಲೇ ಮೋಟಾರು ಹಾಕುವ ರೈತ ನಿನಗೋಸ್ಕರ ಒಂದು ಗಂಟೆ ಕಾಯಬೇಕಾದರೆ ನಿನಗೂ ಅವರಿಗೂ ಪರಿಚಯ ಬೆಳೆದಿರಬೇಕು. ಬೆಂಗಳೂರಿನಿಂದ ಬೆಳಿಗ್ಗೆ ಬಂದು ಸಂಜೆ ಬಸ್ಸು ಹಿಡಿಯುವವರಿಗೆ ಆ ಪರಿಚಯ ಆಗುವುದಿಲ್ಲ. ಅದಕ್ಕೇ ಊರಿನಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸ್ಕೂಟರ್, ಜೊತೆಗೆ ಬರುವ ಒಬ್ಬ ಹೆಣ್ಣುಮಗಳ ಖರ್ಚು ಇವನ್ನು ಬಜೆಟ್‌ನಲ್ಲಿ ಸೇರಿಸು. ಕತ್ತಲಲ್ಲಿ ತೋಟಗಳ ನಡುವೆ ಒಬ್ಬಳೇ ಓಡಾಡುವುದನ್ನು ಧೈರ್ಯ ಎಂದು ಹೊಗಳುವವರ ಮಾತು ಕೇಳಬೇಡ. ಸುರಕ್ಷತೆಗೆ ಹಣ ಕೇಳುವುದರಲ್ಲಿ ಮುಜುಗರಪಡುವಂಥದ್ದು ಏನೂ ಇಲ್ಲ.

ಎಲ್ಲಿ ಕೇಳಬೇಕು? ನಿನ್ನ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಅದು ನಿನ್ನ ಹೊಟ್ಟೆಪಾಡಿಗೆ. ದಯವಿಟ್ಟು ಅದನ್ನು ಬಾವಿಗಳಿಗೆ ಸುರಿಯಬೇಡ. ವಿಜ್ಞಾನ ವಿಷಯಗಳಿಗೆ ಯುಜಿಸಿ ಕೊಡುವ ಕಂಟಿಂಜೆನ್ಸಿ ಮೊದಲ ಎರಡು ವರ್ಷ ವರ್ಷಕ್ಕೆ 12,000, ಆಮೇಲೆ 25,000. ಅಂದರೆ ಮೊದಲೆರಡು ವರ್ಷ ತಿಂಗಳಿಗೆ ಒಂದು ಸಾವಿರ! ಮಾದರಿ ಬಾಟಲಿ, ಬಸ್ಸಿನ ಖರ್ಚಿಗೇ ಅದು ಮುಗಿದುಹೋಗುತ್ತದೆ. ಈ ಮೊತ್ತದಲ್ಲಿ ಕ್ಷೇತ್ರ ಸಂಶೋಧನೆ ನಡೆಯುತ್ತದೆ ಎಂದು ನಂಬಿರುವ ವ್ಯವಸ್ಥೆಯ ಬಗ್ಗೆ ನನಗೆ ಬಹಳ ಬೇಸರವಿದೆ. ಮನೆಯಲ್ಲಿ ಅನುಕೂಲ ಇರುವ ಮಕ್ಕಳು ಅಪ್ಪನ ದುಡ್ಡಿನಲ್ಲಿ ಊರೂರು ಸುತ್ತುತ್ತಾರೆ. ಇಲ್ಲದ ಮಕ್ಕಳು ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಅಂಕಿಗಳಿಂದ ಮಾದರಿ ಕಟ್ಟುತ್ತಾರೆ. ಕೆರೆಯಂಗಳದಲ್ಲೇ ಬೆಳೆದ ಹುಡುಗರೇ ಕೆರೆಗೆ ಹೋಗಲಾರದ ಸ್ಥಿತಿ ಇದು.

ಆದ್ದರಿಂದ ಒಂದೇ ಬಾಗಿಲಲ್ಲಿ ನಿಲ್ಲಬೇಡ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಡೆಯಿಂದ ಕರ್ನಾಟಕದ ಪಿಎಚ್‌ಡಿ ವಿದ್ಯಾರ್ಥಿಗಳಿಗೆಂದೇ ಫೆಲೋಶಿಪ್ ಇದೆ. ಜಲವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ ಹಾರ್ಟನ್ ಅನುದಾನ ಕೊಡುತ್ತದೆ. ನೀರು ಹಂಚಿಕೆ, ಜಾತಿ, ಜಮೀನು ಇವುಗಳ ಕಡೆಗೆ ನಿನ್ನ ಪ್ರಶ್ನೆ ತಿರುಗಿದರೆ ಸಮಾಜ ವಿಜ್ಞಾನ ಸಂಶೋಧನೆಗೆಂದು ಐಸಿಎಸ್‌ಎಸ್‌ಆರ್ ಇದೆ. ಮಾನವಶಾಸ್ತ್ರದವರಾದರೆ ಪ್ರಬಂಧದ ಕ್ಷೇತ್ರಕಾರ್ಯಕ್ಕೆಂದೇ ವೆನ್ನರ್-ಗ್ರೆನ್ ಪ್ರತಿಷ್ಠಾನ ಇದೆ. ಪ್ರತಿಯೊಂದರ ನಿಯಮವನ್ನೂ ನೀನೇ ಓದು, ಯಾರೋ ಹೇಳಿದ್ದನ್ನು ನಂಬಿ ಗಡುವು ತಪ್ಪಿಸಿಕೊಳ್ಳಬೇಡ. ದೊಡ್ಡ ಯೋಜನೆಯೊಂದರ ಆಸರೆ ಪಡೆಯುವುದೂ ಒಂದು ದಾರಿ. ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರಾನ್ಸಿನ ಸಂಶೋಧಕರ ಜೊತೆ ಸೇರಿ ಬಂಡೀಪುರದ ಮೂಲೆಹೊಳೆಯಲ್ಲಿ, ಗುಂಡ್ಲುಪೇಟೆಯ ಹತ್ತಿರದ ಬೇರಂಬಾಡಿಯಲ್ಲಿ ವರ್ಷಗಟ್ಟಲೆ ಬಿಡದೆ ಅಳೆಯುತ್ತಾ ಬಂದಿದ್ದಾರೆ. ಅಲ್ಲಿ ಹೋಗಿ ಕೆಲವು ವಾರ ಕೆಲಸ ಕಲಿತು ಬಾ. ಮಳೆಯ ಅಂಕಿಗಳಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನು ಕೇಳು, ಗ್ರಾಮ ಪಂಚಾಯ್ತಿ ಮಟ್ಟದವರೆಗೂ ಅವರ ಮಾಪಕಗಳಿವೆ. ಇರುವ ಅಂಕಿ ಬಳಸಿಕೊಂಡು, ಇಲ್ಲದಿರುವುದಕ್ಕೆ ಮಾತ್ರ ಹಣ ಕೇಳುತ್ತಿದ್ದೇನೆ ಎಂದು ತೋರಿಸಿದರೆ ನಿನ್ನ ಅರ್ಜಿಗೆ ತೂಕ ಬರುತ್ತದೆ.

ಹವಾಮಾನ ಬದಲಾವಣೆ ಎಂದು ಬರೆದರೆ ಹಣ ಬೇಗ ಸಿಗುತ್ತದೆ ಎಂಬ ಮಾತೂ ನಿನ್ನ ಕಿವಿಗೆ ಬಿದ್ದಿರುತ್ತದೆ. ಬರೆ, ಆದರೆ ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಹೊರಡಬೇಡ. ಅರ್ಕಾವತಿ ನದಿಯ ಉದಾಹರಣೆ ನೋಡು. ಬೆಂಗಳೂರಿಗೆ ನೀರು ಕೊಡಲೆಂದು 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ವರ್ಷ ವರ್ಷ ಕುಗ್ಗುತ್ತಾ ಹೋಯಿತು. ಮಳೆ ಕಡಿಮೆಯಾಯಿತು ಎಂದು ಹೇಳಿ ಸುಮ್ಮನಾಗುವುದು ಸುಲಭವಿತ್ತು. ಬೆಂಗಳೂರಿನ ಏಟ್ರೀ ಸಂಸ್ಥೆಯವರು ಕೆನಡಾದ ಐಡಿಆರ್‌ಸಿ ಹಣದಿಂದ ಆ ಕಣಿವೆಯಲ್ಲಿ ಓಡಾಡಿ, ಒಂದೊಂದೇ ಕಾರಣವನ್ನು ಒರೆಗೆ ಹಚ್ಚಿ, 2015ರಲ್ಲಿ ಪ್ರಕಟಿಸಿದರು. ಮಳೆಯ ಇಳಿಕೆಯಿಂದ ಇದನ್ನು ವಿವರಿಸಲಾಗದು, ಅಂತರ್ಜಲವನ್ನು ವಿಪರೀತ ಎತ್ತಿದ್ದು, ನೀಲಗಿರಿ ನೆಡುತೋಪುಗಳು ಹಬ್ಬಿದ್ದು ಹೆಚ್ಚು ಸಂಭಾವ್ಯ ಕಾರಣ ಎಂದು. ಆ ತಂಡ ಕೆಲಸ ಮಾಡಿದ್ದು ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಬಗೆ ಹುಡುಕುವ ಯೋಜನೆಯಡಿಯಲ್ಲೇ. ಹಣ ಕೊಟ್ಟ ಹೆಸರಿಗೆ ತಕ್ಕ ಉತ್ತರ ಕೊಡದೆ ನೆಲ ಹೇಳಿದ ಉತ್ತರ ಕೊಟ್ಟರು. ನಾಳೆ ಮಳೆಯ ಆರ್ಭಟ ಹೆಚ್ಚಿದಾಗ ಆ ಕಣಿವೆಯಲ್ಲಿ ಏನು ಮಾಡಬೇಕೆಂದು ತಿಳಿಯಲು ಈ ಪ್ರಾಮಾಣಿಕ ಉತ್ತರವೇ ಆಧಾರ.

ಹಣ ನಿಂತರೆ ಏನಾಗುತ್ತದೆ ಎಂಬುದಕ್ಕೆ ಹವಾಯಿಯ ಮೌನಾ ಲೋವಾ ಬೆಟ್ಟದ ದಾಖಲೆ ಸಾಕ್ಷಿ. ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಿಂದ ಅಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುವ ಕೆಲಸ ನಡೆಸಿದರು. ಜಗತ್ತಿಗೆ ಹವಾಮಾನದ ಎಚ್ಚರಿಕೆ ಕೊಟ್ಟ ಆ ಗೆರೆಯಲ್ಲಿ 1964ರ ಕೆಲವು ತಿಂಗಳು ಖಾಲಿ, ಬಜೆಟ್ ಕಡಿತ. ಆ ಖಾಲಿ ಜಾಗ ಇವತ್ತಿಗೂ ಖಾಲಿಯೇ. ಅಂಥ ಹೆಸರಾಂತ ದಾಖಲೆಗೇ ಹೀಗಾದರೆ ಮುಳಬಾಗಿಲಿನ ಕಡೆಯ ಒಂದು ಕೆರೆಯ ದಾಖಲೆಗೆ ಯಾರು ಗತಿ? ನಿನ್ನ ಪಿಎಚ್‌ಡಿ ಮುಗಿದ ಮೇಲೂ ಮಾಪಕ ಓದುವವರು ಇರಬೇಕೆಂದರೆ ಈಗಲೇ ಪಂಚಾಯ್ತಿಯವರ ಜೊತೆ, ಹತ್ತಿರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಜೊತೆ ಮಾತಾಡಿಟ್ಟುಕೋ. ಅರ್ಜಿಯಲ್ಲಿ ಅದಕ್ಕೊಂದು ಪ್ಯಾರಾ ಇರಲಿ.

ಸಣ್ಣ ವಿಷಯ ಒಂದೆರಡಿವೆ. ಮೊದಲು ಖರ್ಚು ಮಾಡಿ ಆಮೇಲೆ ಬಿಲ್ ಕೊಟ್ಟು ಪಡೆಯಿರಿ ಎನ್ನುವ ನಿಯಮ ಇದ್ದರೆ ಮುಂಗಡ ಕೇಳು. ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗುವುದು ನಿನಗೇನೂ ಹೊಸದಲ್ಲ, ಆ ಹೊತ್ತಿನಲ್ಲಿ ಸಾಲ ಮಾಡಿ ಮಾದರಿ ಸಂಗ್ರಹಿಸುವ ಪರಿಸ್ಥಿತಿ ಬರಬಾರದು. ಹಳ್ಳಿಯ ಆಟೋದವರು ಜಿಎಸ್‌ಟಿ ಬಿಲ್ ಕೊಡುವುದಿಲ್ಲ. ಸಹಿ ಮಾಡಿಸಿದ ವೋಚರ್ ಒಪ್ಪುತ್ತಾರೆಯೇ ಎಂದು ಹೊರಡುವ ಮುಂಚೆ ನಿಮ್ಮ ವಿಭಾಗದ ಅಕೌಂಟ್ಸ್‌ನವರಲ್ಲಿ ಕೇಳಿ ಬರವಣಿಗೆಯಲ್ಲಿ ಪಡೆದುಕೋ. ಲೋಹಗಳ ಪರೀಕ್ಷೆಯ ದರಪಟ್ಟಿಯನ್ನು ಎರಡು ಲ್ಯಾಬ್‌ಗಳಿಂದ ತರಿಸು. ಸಂಸ್ಕರಿಸಿದ ನೀರಿನ ಗುಣಮಟ್ಟದ ವಿವಾದ ನ್ಯಾಯಾಲಯದವರೆಗೂ ಹೋದದ್ದು, ಅಲ್ಲಿ ಅರೆಬರೆ ಪರೀಕ್ಷೆಗೆ ಬೆಲೆಯಿಲ್ಲ.

ಇನ್ನೊಂದು ಸಾಲು ಸೇರಿಸುವುದನ್ನು ಮರೆಯಬೇಡ, ಕನ್ನಡದಲ್ಲಿ ಫಲಿತಾಂಶ ಮುದ್ರಿಸಿ ಹಂಚುವ ಖರ್ಚು. ಯಾವ ಬಾವಿಯಲ್ಲಿ ನೀರು ಎಷ್ಟು ಏರಿತು, ಯಾವುದರ ನೀರು ಕುಡಿಯಲು ಯೋಗ್ಯ, ಯಾವುದರದ್ದಲ್ಲ ಎಂದು ದೊಡ್ಡ ಅಕ್ಷರದ ಒಂದು ಹಾಳೆ, ಬಾವಿ ತೋರಿಸಿದ ಪ್ರತಿ ಮನೆಗೂ ತಲುಪಬೇಕು. ಗ್ರಾಮಸಭೆಯಲ್ಲಿ ನೀನೇ ನಿಂತು ಓದಿ ಹೇಳಬೇಕು. ಹಾಳೆಯ ಮುದ್ರಣ, ಸಭೆಯ ದಿನದ ಟೀ, ನಿನ್ನ ಓಡಾಟ ಎಲ್ಲ ಸೇರಿ ದೊಡ್ಡ ಮೊತ್ತವೇನಲ್ಲ. ಬಜೆಟ್ ಹೀಗೆ ತಿದ್ದಿ, ಏಪ್ರಿಲ್‌ನಿಂದ ಜುಲೈವರೆಗಿನ ಖರ್ಚನ್ನು ಬೇರೆ ಕಾಲಂನಲ್ಲಿ ತೋರಿಸಿ ಮತ್ತೆ ಕಳಿಸು. ಗಡುವಿಗೆ ಮುಂಚೆ ನಾನೂ ಇನ್ನೊಮ್ಮೆ ನೋಡುತ್ತೇನೆ.